ಪಿಯಾನೊ ಟ್ಯೂನರ್‌ಗೆ ಬೈಕ್ ಸಾಕೆ, ಕಾರು ಬೇಕೆ?

ಪ್ರಶ್ನೆ: ಸರ್, ನಾನು ಕೆಂಗೇರಿಯವನು, ವಯಸ್ಸು 26. ಚೆನ್ನೈನಲ್ಲಿ ಹಿರಿಯ ಟ್ಯೂನರ್ ಒಬ್ಬರ ಕೈಕೆಳಗೆ ಎರಡು ವರ್ಷ ಪಿಯಾನೊ ಟ್ಯೂನಿಂಗ್ ಕಲಿತು ಬಂದು, ಈಗ ಸ್ವಂತವಾಗಿ ಶುರು ಮಾಡಿದ್ದೇನೆ. ಓಡಾಟಕ್ಕೆ ಇರುವುದು ಒಂದು 350 ಸಿಸಿ ಬೈಕ್ ಮಾತ್ರ. ‘ಸಾಲ ಮಾಡಿಯಾದರೂ ಕಾರು ತಗೊ, ಬೈಕಲ್ಲಿ ಬಂದವನ ಕೈಗೆ ಯಾರು ಪಿಯಾನೊ ಕೊಡ್ತಾರೆ’ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಸಾಮಾನು ಹೇಗೆ ಒಯ್ಯುವುದು? ಬೈಕಿನ ಸದ್ದಿನಿಂದ ಕಿವಿಗೆ ತೊಂದರೆ ಇದೆಯೆ? ಮುಂದಿನ ತಿಂಗಳು ಮೈಸೂರಿನ ಶಾಲೆಯೊಂದರವರು ಮೂರು ಪಿಯಾನೊ ಒಂದೇ ದಿನ ಮಾಡಿಕೊಡಿ ಎಂದಿದ್ದಾರೆ. ಬೆಳಿಗ್ಗೆ ಬೈಕಿನಲ್ಲಿ ಹೊರಟು ರಾತ್ರಿಗೆ ವಾಪಸ್ ಬರಬಹುದೆ?

ಉತ್ತರ: ಕಾರಿಗೆಂದು ಸಾಲ ಮಾಡಬೇಡಿ. ನಾನು 28 ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನಡುವೆ ನಾಲ್ಕು ವರ್ಷ ಕಾರು ಇಟ್ಟುಕೊಂಡು ನೋಡಿ, ಮಾರಿ, ಮತ್ತೆ ಸ್ಕೂಟರಿಗೆ ಮರಳಿದವನು. ಒಂದು ಪಿಯಾನೊಗೆ ಒಂದೂವರೆಯಿಂದ ಎರಡು ಗಂಟೆ ಬೇಕು. ಬೆಳಿಗ್ಗೆ ಫ್ರೇಜರ್ ಟೌನ್, ಮಧ್ಯಾಹ್ನ ಜಯನಗರ, ಸಂಜೆ ಸರ್ಜಾಪುರ ರಸ್ತೆ ಎಂದಿದ್ದರೆ ಎರಡು ಚಕ್ರದಲ್ಲಿ ಮೂರೂ ಮುಗಿಯುತ್ತವೆ, ಕಾರಿನಲ್ಲಿ ಎರಡಾದರೆ ಪುಣ್ಯ. ಮೂರನೆಯ ಮನೆಯವರಿಗೆ ಸಿಲ್ಕ್ ಬೋರ್ಡಿನಲ್ಲಿ ನಿಂತು ‘ಇನ್ನು ಹತ್ತು ನಿಮಿಷ ಮೇಡಂ’ ಎಂದು ಸುಳ್ಳು ಹೇಳಿ ಹೇಳಿ ನನಗೇ ಬೇಜಾರಾಗಿತ್ತು.

ನೀವು ಸಾಮಾನಿನ ವಿಚಾರ ಮೊದಲು ಕೇಳಿ, ಕಿವಿಯನ್ನು ಆಮೇಲೆ ತಂದಿದ್ದೀರಿ. ನಾನು ಅದನ್ನು ತಿರುಗಿಸುತ್ತೇನೆ. ಸಾಮಾನಿಗೆ ಒಂದು ಚೀಲ ಸಾಕು. ಬೈಕು ನಿಜವಾಗಿ ಸವೆಸುವುದು ಚೀಲದಲ್ಲಿ ಹಾಕಲಾಗದ ಎರಡು ಹತ್ಯಾರಗಳನ್ನು: ಕಿವಿ ಮತ್ತು ಬಲಗೈ.

ನಮ್ಮ ಕೆಲಸವೆಂದರೆ ಬೀಟ್ ಕೇಳುವುದು ತಾನೆ? ನಿಮಗೆ ಗೊತ್ತಿರುವುದೇ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಸೆಕೆಂಡಿಗೆ 440 ಸಲ ಕಂಪಿಸುವ ತಂತಿಯ ಪಕ್ಕದ್ದು 441ರಲ್ಲಿದ್ದರೆ, ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ಆ ಅಲೆಯೇ ಬೀಟ್. ಒಂದೇ ಸ್ವರದ ಮೂರು ತಂತಿಗಳನ್ನು ಕೂಡಿಸುವಾಗ ಅದು ಪೂರ್ತಿ ನಿಲ್ಲಬೇಕು. ನಡು ಸಪ್ತಕ ಕೂರಿಸುವಾಗ ಮಾತ್ರ ಬೇಕೆಂದೇ ಉಳಿಸಬೇಕು: ಮಧ್ಯದ ಸಿ ಕೆಳಗಿನ ಎಫ್ ಮತ್ತು ಎ ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಸುಮಾರು 7 ಬೀಟ್ ಕೇಳಬೇಕು. ಎಫ್ ತಂತಿಯ ಐದನೇ ಪಾರ್ಷಿಯಲ್, ಅಂದರೆ ಮೂಲ ನಾದದ ಜೊತೆಗೇ ಹುಟ್ಟುವ ಅದರ ಐದು ಪಟ್ಟು ಕಂಪನದ ನಾದ, 873ರ ಆಸುಪಾಸಿನಲ್ಲಿದೆ, ಎ ತಂತಿಯ ನಾಲ್ಕನೆಯದು 880ರಲ್ಲಿ. ಆ ಎರಡರ ನಡುವಿನ ಜಗಳವೇ ಆ 7. ಇಷ್ಟು ಸೂಕ್ಷ್ಮವಾದದ್ದನ್ನು ಕೇಳಿಸಿಕೊಳ್ಳಬೇಕಾದ ಕಿವಿಯನ್ನು ಒಂದು ಗಂಟೆ ಬಿರುಗಾಳಿಗೆ ಒಡ್ಡಿ, ತಕ್ಷಣ ಪಿಯಾನೊ ಮುಂದೆ ಕೂರಿಸುತ್ತೀರಿ.

ಬಿರುಗಾಳಿ ಎಂದದ್ದು ಉತ್ಪ್ರೇಕ್ಷೆಯಲ್ಲ. ಬೈಕ್ ಸವಾರನ ಕಿವಿಗೆ ಶತ್ರು ಎಂಜಿನ್ ಎಂದು ಬಹಳ ಜನ ತಿಳಿದಿದ್ದಾರೆ. ವೇಗ ಹೆಚ್ಚಿದಂತೆ ಎಂಜಿನ್ನನ್ನು ಮೀರಿಸುವುದು ಹೆಲ್ಮೆಟ್ಟಿನ ಅಂಚಿಗೆ ಬಡಿದು ಸುಳಿಯುವ ಗಾಳಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿದ್ದರೂ 60 ಕಿ.ಮೀ. ವೇಗದಲ್ಲಿ ಒಳಗೆ ಸುಮಾರು 90 ಡೆಸಿಬೆಲ್ ಇರುತ್ತದೆ, 100 ಕಿ.ಮೀ. ದಾಟಿದರೆ 100 ಡೆಸಿಬೆಲ್ ಹತ್ತಿರ ಹೋಗುತ್ತದೆ. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಹಾಕಿರುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ. ಅಂದರೆ 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಊರೊಳಗಿನ ಟ್ರಾಫಿಕ್ಕಿನಲ್ಲಿ ಗಾಳಿಯ ಕಾಟ ಕಡಿಮೆ, ಹಾರ್ನಿನ ಕಾಟ ಹೆಚ್ಚು. ವಿಮಾನ ನಿಲ್ದಾಣದ ರಸ್ತೆಗೆ ಬಿದ್ದಿರೋ, ಲೆಕ್ಕ ಬೇರೆಯೇ.

ಇನ್ನೊಂದು ಕಾಕತಾಳೀಯ ನೋಡಿ. ಸದ್ದಿನಿಂದ ಕಿವಿ ಕೆಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು 4,000 ಹರ್ಟ್ಸ್ ಸುತ್ತಿನ ಶ್ರವಣ. ಪಿಯಾನೊದ 88ನೇ ಕೀ, ಬಲತುದಿಯ ಆ ಕೊನೆಯ ಸಿ, 4,186 ಹರ್ಟ್ಸ್. ಮಾತು ಚೆನ್ನಾಗಿ ಕೇಳುತ್ತಿರುತ್ತದೆ, ಫೋನ್ ಕೇಳುತ್ತದೆ, ಮನೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ಕೊನೆಯ ಸಪ್ತಕ ಮಾತ್ರ ಸದ್ದಿಲ್ಲದೆ ಕೈಬಿಟ್ಟು ಹೋಗುತ್ತಿರುತ್ತದೆ.

ಶಾಶ್ವತ ಹಾನಿಗೆ ಮೊದಲು ತಾತ್ಕಾಲಿಕ ಮಂಕು ಬರುತ್ತದೆ. ಜಾತ್ರೆಯ ಮೈಕಿನ ಪಕ್ಕ ನಿಂತು ಮನೆಗೆ ಬಂದಾಗ ಕಿವಿಗೆ ಹತ್ತಿ ಇಟ್ಟ ಹಾಗೆ ಆಗುತ್ತದಲ್ಲ, ಅದೇ. ನನಗಿದು ಅರ್ಥವಾದದ್ದು ದೇವನಹಳ್ಳಿ ಕಡೆಯ ಒಂದು ಮನೆಯಿಂದ. ಆಗ ನನ್ನ ಹತ್ತಿರವೂ ನಿಮ್ಮಂಥದ್ದೇ ದೊಡ್ಡ ಬೈಕಿತ್ತು. ಹೆದ್ದಾರಿಯಲ್ಲಿ ಜೋರಾಗಿ ಹೋಗಿ, ನೀರೂ ಕುಡಿಯದೆ ಕೂತು, ಎರಡು ಗಂಟೆಯೊಳಗೆ ಮುಗಿಸಿ, ದುಡ್ಡು ತಗೊಂಡು ಬಂದೆ. ಎರಡು ದಿನ ಬಿಟ್ಟು ಆ ಮನೆಯ ಅಜ್ಜಿ ಫೋನ್ ಮಾಡಿದರು. ‘ಮೇಲಿನ ಸ್ವರಗಳು ಹುಳಿಹುಳಿ ಅನ್ನಿಸ್ತವಪ್ಪಾ, ನನ್ನ ಕಿವಿಗೆ ವಯಸ್ಸಾಯ್ತೋ ಏನೋ’ ಎಂದರು. ಮಾರನೇ ಬೆಳಿಗ್ಗೆ ನಿಧಾನವಾಗಿ ಹೋಗಿ ಕೇಳಿದೆ. ಅಜ್ಜಿಯ ಕಿವಿ ಸರಿಯಾಗಿಯೇ ಇತ್ತು. ಮೇಲಿನ ಒಂದೂವರೆ ಸಪ್ತಕದ ತಂತಿಗಳು ಒಂದಕ್ಕೊಂದು ಕೂಡಿರಲಿಲ್ಲ. ಅಷ್ಟನ್ನೂ ಮತ್ತೆ ಮಾಡಿಕೊಟ್ಟು, ಕಾಫಿ ಕುಡಿದು, ತಲೆ ತಗ್ಗಿಸಿಕೊಂಡು ಬಂದೆ.

ಅಂದಿನಿಂದ ಎರಡು ಅಭ್ಯಾಸ. ಹೆಲ್ಮೆಟ್ ಹಾಕುವ ಮುಂಚೆ ಕಿವಿಗೆ ಫೋಮ್ ಪ್ಲಗ್. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡರೆ ಏನೂ ಪ್ರಯೋಜನವಿಲ್ಲ. ಹಾರ್ನ್ ಕೇಳಿಸುವುದಿಲ್ಲವೆಂಬ ಭಯ ಬೇಡ. ಗಾಳಿಯ ಮೊರೆತ ತಗ್ಗುವುದರಿಂದ ಹಾರ್ನು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ಆದರೂ ಕನ್ನಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಇಯರ್‌ಫೋನ್‌ನಲ್ಲಿ ಹಾಡು ಹಾಕಿಕೊಂಡು ಹೋಗುವುದು ಇದಕ್ಕೆ ಬದಲಿಯಲ್ಲ, ಅದು ಗಾಳಿಯ ಮೇಲೆ ಇನ್ನಷ್ಟು ಸದ್ದು ಸುರಿಯುವುದು. ಸೈಲೆನ್ಸರ್ ಬದಲಾಯಿಸಿ ಗುಡುಗುಡು ಎನ್ನಿಸಿಕೊಂಡಿದ್ದರೆ ಈ ವಾರವೇ ಹಳೆಯದನ್ನು ಹಾಕಿಸಿ. ಟ್ಯೂನರ್ ಬಂದದ್ದು ಮೂರನೇ ಬೀದಿಗೇ ಗೊತ್ತಾಗುವುದು ಒಳ್ಳೆಯ ಜಾಹೀರಾತಲ್ಲ.

ಎರಡನೆಯ ಅಭ್ಯಾಸ, ಮನೆ ಹೊಕ್ಕ ಮೇಲೆ ಮೊದಲ 20 ನಿಮಿಷ ಕಿವಿಯ ಕೆಲಸ ಮಾಡದಿರುವುದು. ಕಣ್ಣಿನ ಕೆಲಸ, ಕೈಯ ಕೆಲಸ ಎಷ್ಟಿಲ್ಲ? ಮುಂದಿನ ಹಲಗೆ ಬಿಚ್ಚಿ, ಧೂಳು ಹೊಡೆಯಿರಿ. ಪೆಡಲ್ ಕಿರುಗುಟ್ಟುತ್ತಿದೆಯೆ, ಯಾವ ಕೀ ಒತ್ತಿದರೆ ಮೇಲೆ ಬರುತ್ತಿಲ್ಲ, ಇಲಿ ಒಳಗಿನ ಉಣ್ಣೆಯ ಫೆಲ್ಟ್ ಕಡಿದಿದೆಯೆ, ನೋಡಿ. ಮಳೆಗಾಲದಲ್ಲಿ ಕಿಟಕಿ ಪಕ್ಕದಲ್ಲಿಟ್ಟಿದ್ದಾರೆಯೆ ಎಂದು ಕೇಳಿ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವಕ್ಕೆ ಸೌಂಡ್‌ಬೋರ್ಡ್, ಅಂದರೆ ನಾದ ಹೆಚ್ಚಿಸುವ ಒಳಗಿನ ಮರದ ಹಲಗೆ, ಉಬ್ಬಿ ಶ್ರುತಿ ಏರುತ್ತದೆ, ಫೆಬ್ರವರಿ ಕಳೆದು ಒಣಗಿದಾಗ ಇಳಿಯುತ್ತದೆ. ಇದನ್ನು ಮನೆಯವರಿಗೆ ವಿವರಿಸುವುದಕ್ಕೂ ಆ 20 ನಿಮಿಷ ಬಳಕೆಯಾಗುತ್ತದೆ. ಕಾಫಿ ಕೊಟ್ಟರೆ ಬೇಡವೆನ್ನಬೇಡಿ. ಆಮೇಲೆ ನಡು ಸಪ್ತಕದಿಂದ ಶುರು ಮಾಡಿ, ಮೇಲಿನ ತುದಿಯನ್ನು ಕೊನೆಗಿಡಿ. ತುದಿಯ ಸ್ವರಗಳನ್ನು ಗಟ್ಟಿಯಾಗಿ ಬಡಿಯಬೇಕಾಗುತ್ತದಲ್ಲ, ಅಲ್ಲಿಯೂ ಪ್ಲಗ್ ಹಾಕಿ. ಸಂಗೀತಗಾರರಿಗೆಂದೇ ಸದ್ದನ್ನು ಸಮವಾಗಿ ತಗ್ಗಿಸುವ ಪ್ಲಗ್‌ಗಳು ಸಿಗುತ್ತವೆ, ಹಾಕಿಕೊಂಡರೂ ಬೀಟ್ ಕೇಳುತ್ತದೆ. ನಮ್ಮ ವೃತ್ತಿಯಲ್ಲಿ ಕಿವಿ ಕೆಡಿಸಿಕೊಂಡವರಲ್ಲಿ ಬೈಕ್ ಹತ್ತದವರೂ ಇದ್ದಾರೆ.

ಇನ್ನು ಕೈ. ತಂತಿಯ ತುದಿ ಸುತ್ತಿರುವ ಟ್ಯೂನಿಂಗ್ ಪಿನ್ ಸುಮಾರು 7 ಮಿ.ಮೀ. ದಪ್ಪದ ಉಕ್ಕಿನ ಮೊಳೆ, ಮರದ ಬ್ಲಾಕಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಅದನ್ನು ತಿರುಗಿಸುವ ಉದ್ದ ಹಿಡಿಯ ಲಿವರ್ ಎಳೆದಾಗ ಮೊದಲು ಪಿನ್ನಿನ ಮೈ ತಿರುಚಿಕೊಳ್ಳುತ್ತದೆ, ಬುಡ ಇನ್ನೂ ಕದಲಿರುವುದಿಲ್ಲ. ಆಮೇಲೆ ಬುಡ ಸರಿಯುತ್ತದೆ. ಈ ಎರಡರ ವ್ಯತ್ಯಾಸ ತಿಳಿಯುವುದು ಅಂಗೈಗೆ ಮಾತ್ರ. ತಿಳಿಯದೆ ಬಿಟ್ಟರೆ ನೀವು ಗೇಟು ದಾಟುವ ಮುಂಚೆಯೇ ತಿರುಚು ಬಿಚ್ಚಿಕೊಂಡು ಶ್ರುತಿ ಇಳಿದಿರುತ್ತದೆ. ಫೋನಿನ ಟ್ಯೂನಿಂಗ್ ಆ್ಯಪ್ ಎಷ್ಟೇ ಹಸಿರು ದೀಪ ತೋರಿಸಲಿ, ಪಿನ್ ಕೂತಿದೆಯೋ ಇಲ್ಲವೋ ಅದು ಹೇಳುವುದಿಲ್ಲ. 350 ಸಿಸಿ ಒಂಟಿ ಸಿಲಿಂಡರಿನ ಹ್ಯಾಂಡಲ್ ಒಂದು ಗಂಟೆ ಹಿಡಿದು ಬಂದ ಕೈ ಜುಮ್ಮೆನ್ನುತ್ತಿರುತ್ತದೆ. ಆ ಜುಮ್ಮಿನಲ್ಲಿ ತಿರುಚೂ ಸರಿತವೂ ಒಂದೇ.

ಬಲಗೈಯ ಪಾಡನ್ನೂ ಯೋಚಿಸಿ. ಆಕ್ಸಿಲರೇಟರ್ ಬಲಗೈ, ಮುಂದಿನ ಬ್ರೇಕ್ ಬಲಗೈ, ಇಳಿದ ಮೇಲೆ ಲಿವರ್ರೂ ಬಲಗೈ. ಸುಮಾರು 230 ಪಿನ್, ದಿನಕ್ಕೆ ಮೂರು ಪಿಯಾನೊ. ನಲವತ್ತು ದಾಟಿದ ಮೇಲೆ ನನ್ನ ಮಣಿಕಟ್ಟು ಇದರ ಬಿಲ್ ಕಳಿಸಿತು. ಮೂಳೆ ಡಾಕ್ಟರು ಆರು ವಾರ ಲಿವರ್ ಮುಟ್ಟಬೇಡಿ ಎಂದರು. ಅಲ್ಲಿಂದ ಊರೊಳಗಿನ ಓಡಾಟಕ್ಕೆ ಗೇರಿಲ್ಲದ ಹಗುರ ಸ್ಕೂಟರ್ ತಗೊಂಡೆ, ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೊಗಳಿಗೆ ಎಡಗೈಯಲ್ಲಿ ಲಿವರ್ ಹಿಡಿಯುವುದನ್ನು ಕಲಿತೆ. ನಿಮಗೆ 26, ಎಡಗೈ ಈಗಲೇ ಕಲಿತುಬಿಡಿ. ನನ್ನ ವಯಸ್ಸಿನಲ್ಲಿ ಕಲಿಯುವುದು ಎಡಗೈಯಲ್ಲಿ ರಂಗೋಲಿ ಎಳೆದ ಹಾಗೆ.

ಈಗ ನಿಮ್ಮ ಸಾಮಾನು. ಲಿವರ್, ರಬ್ಬರ್ ಬೆಣೆಗಳು, ಫೆಲ್ಟ್ ಪಟ್ಟಿ, ಟ್ಯೂನಿಂಗ್ ಫೋರ್ಕ್, ಸ್ಕ್ರೂಡ್ರೈವರ್, ಇಕ್ಕಳ, ನಾಲ್ಕಾರು ಅಳತೆಯ ತಂತಿ, ಸ್ವಲ್ಪ ದಪ್ಪದ ಬದಲಿ ಪಿನ್‌ಗಳು, ಸೆಂಟರ್ ಪಿನ್, ಫೆಲ್ಟ್ ಚೂರು, ಟಾರ್ಚ್, ಬ್ರಶ್. ನನ್ನ ಚೀಲ ಆರು ಕಿಲೋ ದಾಟುವುದಿಲ್ಲ. ಅದನ್ನು ಎಲ್ಲಿಡುತ್ತೀರಿ ಎನ್ನುವುದು ಮುಖ್ಯ. ಬೆನ್ನಿಗೆ ಮಾತ್ರ ಹಾಕಬೇಡಿ. ಜಾರಿ ಬಿದ್ದ ದಿನ ಲಿವರ್ರಿನ ಉಕ್ಕಿನ ತಲೆಯೇ ಬೆನ್ನುಮೂಳೆಗೆ ಮೊದಲು ತಾಗುವುದು. ಸ್ಕೂಟರಾದರೆ ಕಾಲಿನ ಮುಂದಿನ ಜಾಗ, ಬೈಕಾದರೆ ಟ್ಯಾಂಕ್ ಮೇಲಿನ ಚೀಲ ಅಥವಾ ಪಕ್ಕದ ಚೀಲ. ಹಿಂದಿನ ಕ್ಯಾರಿಯರ್ ಪೆಟ್ಟಿಗೆಗೆ ಪ್ರತಿ ಹಂಪಿನ ಏಟೂ ನೇರ ಬೀಳುತ್ತದೆ. ಆ ಅಲುಗಾಟಕ್ಕೆ ಲಿವರ್ರಿನ ತುದಿ ಸಡಿಲವಾಗುತ್ತದೆ, ಆದ್ದರಿಂದ ಕೆಲಸಕ್ಕೆ ಮುಂಚೆ ಒಮ್ಮೆ ತಿರುಗಿಸಿ ನೋಡಿ. ತಂತಿಯ ಸುರುಳಿಗಳನ್ನು ಡಬ್ಬದಲ್ಲಿಡಿ, ಚೀಲದೊಳಗೆ ಒಂದು ಬಿಚ್ಚಿಕೊಂಡರೆ ಮುಳ್ಳುಹಂದಿ. ಸೂಪರ್ ಗ್ಲೂ ಬಾಟಲಿಯನ್ನು ಬೇರೆ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ. ಒಂದು ಏಪ್ರಿಲ್ ಮಧ್ಯಾಹ್ನ ನನ್ನದು ಬಿಸಿಲಿಗೆ ಉಬ್ಬಿ ಸೋರಿ, ಎಂಟು ರಬ್ಬರ್ ಬೆಣೆಗಳು ಒಂದೇ ಕಲ್ಲಾಗಿದ್ದವು.

ಬಿಸಿಲಿನ ಮಾತು ಬಂದದ್ದರಿಂದ ಫೋರ್ಕಿನ ವಿಷಯ. ಬಡಿದರೆ ಎ ಸ್ವರ ಕೊಡುವ ಉಕ್ಕಿನ 440ರ ಫೋರ್ಕ್ ಕಾದಷ್ಟೂ ಇಳಿಯುತ್ತದೆ, 20 ಡಿಗ್ರಿ ಏರಿದರೆ ಹೆಚ್ಚುಕಡಿಮೆ 1 ಹರ್ಟ್ಸ್. ನಿಲ್ಲಿಸಿದ ಬೈಕಿನ ಕಪ್ಪು ಪೆಟ್ಟಿಗೆಯೊಳಗೆ ಅಷ್ಟು ಬಿಸಿ ಏರುವುದು ಬೇಸಿಗೆಯಲ್ಲಿ ದೊಡ್ಡ ಮಾತಲ್ಲ. ಅದನ್ನು ತೆಗೆದ ಕೂಡಲೇ ಬಡಿದು ಎ ಹಿಡಿದರೆ ಇಡೀ ಪಿಯಾನೊ ಬಿಸಿಲಿನ ಶ್ರುತಿಗೆ ಹೋಗುತ್ತದೆ. ಮನೆಯೊಳಗೆ ಮೇಜಿನ ಮೇಲೆ ಆರಲು ಬಿಡಿ. ಜೇಬಲ್ಲಿ ಬೇಡ, ಅಲ್ಲಿ ಮೈ ಬಿಸಿ ಇದೆ. ಆ್ಯಪ್ ನೋಡಿ ಮಾಡುವವರಿಗೆ ಈ ರಗಳೆ ಇಲ್ಲ, ಆದರೆ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಬೇಡಿ. ದೊಡ್ಡ ಬೈಕುಗಳ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಫೋರ್ಕ್, ಬೈಕ್ ಎಂದಾಗ ಯಮಹಾ ನೆನಪಾಗದೆ ಇರುವುದಿಲ್ಲ. ಹಳೇ ಆರ್‌ಎಕ್ಸ್ 100ರ ಟ್ಯಾಂಕ್ ಮೇಲೆ ಅಡ್ಡಡ್ಡ ಕೂತಿದ್ದ ಆ ಮೂರು ಕವಲು ಟ್ಯೂನಿಂಗ್ ಫೋರ್ಕುಗಳೇ. ಕಂಪನಿಯ ಮೂಲಪುರುಷ ತೊರಾಕುಸು ಯಮಹಾ 1887ರಲ್ಲಿ ಜಪಾನಿನ ಹಮಾಮತ್ಸುವಿನ ಶಾಲೆಯೊಂದರ ಕೆಟ್ಟ ರೀಡ್ ಆರ್ಗನ್ ರಿಪೇರಿ ಮಾಡಿದವನು. ನಂತರ ತಾನೇ ಒಂದು ಆರ್ಗನ್ ಮಾಡಿ, ಜೊತೆಗಾರನೊಂದಿಗೆ ಅಡ್ಡೆ ಕಟ್ಟಿ ಹೆಗಲ ಮೇಲೆ ಹೊತ್ತು, ಹಕೋನೆ ಘಟ್ಟ ದಾಟಿ, ಸುಮಾರು 250 ಕಿ.ಮೀ. ದೂರದ ಟೋಕಿಯೊಗೆ ತೋರಿಸಲು ಒಯ್ದನೆಂದು ಕಂಪನಿಯ ಚರಿತ್ರೆ ಹೇಳುತ್ತದೆ. ಅಲ್ಲಿನವರು ನೋಡಿ, ಶ್ರುತಿ ಸರಿಯಿಲ್ಲ ಎಂದರಂತೆ! ಮೋಟಾರ್‌ಸೈಕಲ್ ಕಂಪನಿ ಹುಟ್ಟಿದ್ದು 1955ರಲ್ಲಿ, ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಹೊರುವುದಕ್ಕೂ ಒಂದು ಮಿತಿ ಇದೆ. ಅಪ್‌ರೈಟಿನ ಆಕ್ಷನ್ನನ್ನು, ಅಂದರೆ ತಂತಿಗೆ ಬಡಿಯುವ ಸುತ್ತಿಗೆಗಳ ಇಡೀ ಜೋಡಣೆಯನ್ನು, ಒಬ್ಬನೇ ಎತ್ತಿ ಹೊರತೆಗೆಯಬಹುದು ಎಂದ ಮಾತ್ರಕ್ಕೆ ಬೈಕಿನ ಹಿಂದೆ ಕಟ್ಟಬಹುದು ಎಂದಲ್ಲ. ಒಂದು ಹ್ಯಾಮರ್ ಶ್ಯಾಂಕ್ (ಸುತ್ತಿಗೆಯ ಕಡ್ಡಿ) ಮುರಿದರೂ ಇಡೀ ದಿನ ಹೋಯಿತು. ಬಿಡಿ ಕೀಲಿಮನೆಗಳನ್ನೂ ಕಟ್ಟಬೇಡಿ. ನಾನು ಕಟ್ಟಿದ್ದೆ. ಮೇಲಿನ ಪ್ಲಾಸ್ಟಿಕ್ ಬದಲಿಸಲೆಂದು 88 ಕೀಗಳನ್ನು ಗೋಣಿಚೀಲದಲ್ಲಿ ತುಂಬಿ ಹಿಂದಿನ ಸೀಟಿಗೆ ಹಗ್ಗ ಬಿಗಿದು ಬರುತ್ತಿದ್ದಾಗ, ರಿಚ್ಮಂಡ್ ಟೌನಿನ ಹತ್ತಿರ ಬಣ್ಣ ಬಳಿಯದ ಒಂದು ಹಂಪ್. ಹಗ್ಗ ಜಾರಿತು, ಚೀಲದ ಬಾಯಿ ಬಿಚ್ಚಿತು. ಎಳನೀರಿನವನು, ಶಾಲೆ ಮಕ್ಕಳು, ಒಬ್ಬ ಟ್ರಾಫಿಕ್ ಪೊಲೀಸ್ ಎಲ್ಲ ಸೇರಿ ಆರಿಸಿಕೊಟ್ಟರು. ಕೀಗಳ ಮೇಲೆ 1ರಿಂದ 88ರವರೆಗೆ ನಂಬರು ಒತ್ತಿರುತ್ತದಲ್ಲ, ಫುಟ್‌ಪಾತಿನ ಮೇಲೆ ಸಾಲಾಗಿ ಜೋಡಿಸಿ ನೋಡಿದರೆ 86 ಇದ್ದವು. 41 ಮತ್ತು 67 ಬಸ್ಸಿನ ಚಕ್ರಕ್ಕೆ ಸಿಕ್ಕಿದ್ದವು. ಅವೆರಡನ್ನು ಮರದಿಂದ ಹೊಸದಾಗಿ ಕೆತ್ತಿಸಲು ಆದ ಖರ್ಚಿನಲ್ಲಿ ಹತ್ತು ಸಲ ಗೂಡ್ಸ್ ಆಟೊ ಕರೆಯಬಹುದಿತ್ತು.

ಮಳೆಗಾಲಕ್ಕೆ ಒಂದೆರಡು ಮಾತು ಸಾಕು. ಚೀಲಕ್ಕೆ ಎರಡು ಪದರ ಪ್ಲಾಸ್ಟಿಕ್, ನಿಮಗೆ ಒಂದು ಟವೆಲ್, ಒಂದು ಒಣ ಅಂಗಿ, ಒಂದು ಜೊತೆ ಒಣ ಸಾಕ್ಸ್. ರೇನ್‌ಕೋಟ್ ಗೇಟಿನಲ್ಲೇ ಬಿಚ್ಚಿ. ಒದ್ದೆ ಕೈಯಲ್ಲಿ ತಂತಿ ಮುಟ್ಟಿದರೆ ತುಕ್ಕಿಗೆ ಆಹ್ವಾನ ಕೊಟ್ಟಂತೆ.

‘ಬೈಕಲ್ಲಿ ಬಂದವನ ಕೈಗೆ ಯಾರು ಕೊಡ್ತಾರೆ’ ಎಂಬ ಮನೆಯವರ ಮಾತಿನಲ್ಲಿ ಸ್ವಲ್ಪ ನಿಜವಿದೆ, ಆದರೆ ಅವರು ಅಂದುಕೊಂಡ ಕಡೆಯಲ್ಲಲ್ಲ. ಪಿಯಾನೊ ಮಾಲೀಕರು ಯಾರೂ ನನ್ನ ಗಾಡಿ ಕೇಳಿಲ್ಲ. ಕೇಳುವವನು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ಹೆಲ್ಮೆಟ್, ಚೀಲ ನೋಡಿದ ಕೂಡಲೇ ಡೆಲಿವರಿ ಹುಡುಗರ ಸಾಲಿಗೆ ಕಳಿಸಿ, ಸರ್ವಿಸ್ ಲಿಫ್ಟ್ ತೋರಿಸುತ್ತಾನೆ. ಹಿಂದಿನ ದಿನವೇ ಮನೆಯವರಿಗೆ ಹೇಳಿ ಗೇಟಿನಲ್ಲಿ ಹೆಸರು ಬರೆಸಿ, ಅಲ್ಲಿ ಕಳೆಯುವ ಹದಿನೈದು ನಿಮಿಷ ಉಳಿಯುತ್ತದೆ. ಮೈಸೂರಿನಲ್ಲಂತೂ ಬೈಕಿಗೆ ನಾಚಬೇಕಾಗಿಲ್ಲ. ಜಯಚಾಮರಾಜ ಒಡೆಯರು ಪಿಯಾನೊ ಅಭ್ಯಾಸ ಮಾಡಿದವರು, ರಷ್ಯದ ಸಂಗೀತ ರಚನೆಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು. ರಾಜ್ಯಪಾಲರಾಗಿದ್ದಾಗ 1961ರಲ್ಲಿ ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆ ಉದ್ಘಾಟಿಸಿದವರೂ ಅವರೇ.

ಆ ಶಾಲೆಯ ವಿಚಾರಕ್ಕೆ ಬರೋಣ. ಬೆಳಿಗ್ಗೆ ಹೊರಟು, ಮೂರು ಮಾಡಿ, ರಾತ್ರಿ ವಾಪಸ್ — ಇದನ್ನು ಒಪ್ಪಿಕೊಳ್ಳಬೇಡಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಕಡೆಯ ಹಂಪು, ತಿರುವು ಎಲ್ಲ ಎಣಿಸಿಕೊಂಡು ಮೂರು ಗಂಟೆ ಕೂತು ಬಂದ ಕೈ ಕಿವಿಗೆ ಮೂರು ಶಾಲಾ ಪಿಯಾನೊಗಳೇ? ಅದೂ ಎಷ್ಟು ವರ್ಷದಿಂದ ಯಾರೂ ಮುಟ್ಟಿಲ್ಲವೋ. ಅರ್ಧ ಸೆಮಿಟೋನ್, ಅಂದರೆ ಪಕ್ಕಪಕ್ಕದ ಎರಡು ಕೀಗಳ ಅಂತರದ ಅರ್ಧದಷ್ಟು, ಇಳಿದಿದ್ದರೆ ಅದನ್ನು ಮೇಲೇರಿಸಲು ತಂತಿಗಳ ಬಿಗಿತ ಸುಮಾರು ಶೇ 6ರಷ್ಟು ಹೆಚ್ಚಬೇಕು. ಎಲ್ಲ ತಂತಿ ಸೇರಿ ಸುಮಾರು 18 ಟನ್ ಎಳೆತವಿರುವ ಪಿಯಾನೊದಲ್ಲಿ ಅದು ಒಂದು ಟನ್ನಿಗಿಂತ ಹೆಚ್ಚು. ಬಲ ಕೊಡುತ್ತ ಹೋದಂತೆ ಮೊದಲು ಮಾಡಿದ್ದು ಇಳಿಯುತ್ತದೆ, ಎರಡು ಸುತ್ತು ಬೇಕೇ ಬೇಕು, ತುಕ್ಕು ಹಿಡಿದ ತಂತಿ ನಡುವೆ ಪಟ್ಟೆಂದರೆ ಇನ್ನೊಂದು ಗಂಟೆ.

ಶಾಲೆಯವರಿಂದ ಈಗಲೇ ಮೂರೂ ಪಿಯಾನೊಗಳ ಫೋಟೊ ತರಿಸಿಕೊಳ್ಳಿ, ಮುಂದಿನ ಹಲಗೆ ತೆಗೆದು ಪಿನ್ನುಗಳು ಕಾಣುವಂತೆ. ನಡುವಿನ ಎ ಒತ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಹೇಳಿ, ಎಷ್ಟು ಇಳಿದಿದೆ ಎಂದು ಇಲ್ಲಿಂದಲೇ ಅಂದಾಜಾಗುತ್ತದೆ. ಹಿಂದಿನ ಸಂಜೆ ಕೆಂಗೇರಿಯಲ್ಲೇ ರೈಲು ಹತ್ತಿ, ಆರು ಕಿಲೋ ಚೀಲ ಸೀಟಿನ ಕೆಳಗೆ ಹಿಡಿಯುತ್ತದೆ. ರಾತ್ರಿ ನಿದ್ದೆ ಮಾಡಿ, ಮಕ್ಕಳು ಬರುವ ಮುಂಚೆ ಅತಿ ಕೆಟ್ಟದ್ದನ್ನು ಹಿಡಿಯಿರಿ, ಶಾಲೆ ಬಿಟ್ಟ ಮೇಲೆ ಎರಡನೆಯದು, ಮೂರನೆಯದು ಮಾರನೇ ಬೆಳಿಗ್ಗೆ. ತಂಗುವ ಖರ್ಚನ್ನು ಈಗಲೇ ಕೊಟೇಶನ್‌ನಲ್ಲಿ ಬರೆಯಿರಿ. ಆಮೇಲೆ ಕೇಳಿದರೆ ಯಾವ ಶಾಲೆಯ ಆಫೀಸಿನವರೂ ಕೊಡುವುದಿಲ್ಲ.